ನೂರು ದಾಟಿದರೂ ನಿವೃತ್ತಿ ಇಲ್ಲ

1921ರಲ್ಲಿ ಕೆಲಸಕ್ಕೆ ಸೇರಿದ ಒಬ್ಬರು ಇನ್ನೂ ಡ್ಯೂಟಿಯಲ್ಲಿದ್ದಾರೆ. ಹೆಸರು ಬಿಸಿಜಿ, ಕ್ಷಯದ (ಟಿಬಿ) ಲಸಿಕೆ. ವಯಸ್ಸು ನೂರು ದಾಟಿದೆ. ಆದರೂ ಸೇವಾ ವಿಸ್ತರಣೆ ಸಿಗುತ್ತಲೇ ಇದೆ. ಯಾಕೆಂದರೆ ಕ್ಷಯದ ವಿಭಾಗದಲ್ಲಿ ಆ ಕುರ್ಚಿಗೆ ಬೇರೆ ಯಾರೂ ಸಿಕ್ಕಿಲ್ಲ.

ಅಜ್ಜ ಹುಟ್ಟಿದ್ದು ಆಲೂಗಡ್ಡೆಯ ಮೇಲೆ. ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್ ದನದ ಕ್ಷಯದ ಬ್ಯಾಕ್ಟೀರಿಯಾವನ್ನು ಪಿತ್ತರಸ ಹೀರಿದ ಆಲೂಗಡ್ಡೆ ಹೋಳಿನ ಮೇಲೆ ಬೆಳೆಸಿದರು. ಹೋಳಿನಿಂದ ಹೋಳಿಗೆ, 13 ವರ್ಷ, ಸುಮಾರು 230 ಸಲ. ಕೊನೆಗೆ ಅದರ ಪೊಗರು ಇಳಿಯಿತು. ಪಾಪ, ಅಜ್ಜ ಕೆಲಸಗಳ್ಳರೇನಲ್ಲ. ಪುಟ್ಟ ಮಕ್ಕಳ ಮಿದುಳಿಗೆ ಕ್ಷಯ ಹತ್ತದಂತೆ ಚೆನ್ನಾಗಿಯೇ ಕಾಯುತ್ತಾರೆ. ದೊಡ್ಡವರ ಶ್ವಾಸಕೋಶದ ಮುಂದೆ ಕೂರಿಸಿದರೆ ಮಾತ್ರ ತೂಕಡಿಕೆ. ರೋಗ ಜಾಸ್ತಿ ಹರಡುವುದು ಆ ದೊಡ್ಡವರ ಕೆಮ್ಮಿನಿಂದಲೇ, ಇರಲಿ ಬಿಡಿ.

ನಮ್ಮ ದೇಹದ ಕಾವಲೂ ಕಚೇರಿ ಮಾದರಿಯದೇ. ಶ್ವಾಸಕೋಶದಲ್ಲಿ ಮ್ಯಾಕ್ರೋಫೇಜ್ ಎಂಬ ಕಾವಲು ಕಣ ಇದೆ. ಕಳ್ಳ ಬಂದ ಕೂಡಲೇ ಗುಳುಂ ಎಂದು ನುಂಗುತ್ತದೆ. ನುಂಗಿದ್ದನ್ನು ಒಂದು ಚೀಲದಲ್ಲಿಟ್ಟು, ಆ ಚೀಲವನ್ನು ಜೀರ್ಣರಸದ ಚೀಲಕ್ಕೆ ಸೇರಿಸುವುದು ನಿಯಮ. ಕ್ಷಯದ ಬ್ಯಾಕ್ಟೀರಿಯಾ ಒಳಗೆ ಕೂತೇ ಅದಕ್ಕೆ ತಡೆಯಾಜ್ಞೆ ತರುತ್ತದೆ. ಆಮೇಲೆ ಕಾವಲುಗಾರನ ಹೊಟ್ಟೆಯಲ್ಲೇ ಬಿಟ್ಟಿ ವಾಸ! ಮೇಲಧಿಕಾರಿಗಳಾದ ಟಿ ಕಣಗಳು (ಒಂದು ಬಗೆಯ ಬಿಳಿ ರಕ್ತಕಣ) ಸ್ಥಳಕ್ಕೆ ಬರುವಷ್ಟರಲ್ಲಿ ವಾರಗಳೇ ಕಳೆದಿರುತ್ತವೆ. ಬಂದವರು ಇಂಟರ್‌ಫೆರಾನ್ ಗಾಮಾ ಎಂಬ ಎಚ್ಚರಿಕೆ ರಸ ಸುರಿದು ಕಾವಲುಗಾರನನ್ನು ಬಡಿದೆಬ್ಬಿಸುತ್ತಾರೆ. ಆದರೂ ಎಷ್ಟೋ ಸಲ ಕಳ್ಳ ಪೂರ್ತಿ ಸಾಯುವುದಿಲ್ಲ. ಸುತ್ತ ಗೋಡೆ ಎದ್ದು, ಕಡತ ಮುಚ್ಚುತ್ತದೆ. ಸೋಂಕು ತಗುಲಿದ ಹತ್ತರಲ್ಲಿ ಒಂಬತ್ತು ಜನರಿಗೆ ಈ ವ್ಯವಸ್ಥೆ ಜೀವನಪೂರ್ತಿ ಸಾಕಾಗುತ್ತದೆ ಅನ್ನುವುದೂ ನಿಜವೇ.

ಹೊಸಬರ ನೇಮಕಾತಿಯದು ಇನ್ನೊಂದು ಕಥೆ. ಎಂವಿಎ85ಎ ಎಂಬ ಹೊಸ ಲಸಿಕೆ ಅಭ್ಯರ್ಥಿಯಾಗಿ ಬಂತು. ರಕ್ತ ಪರೀಕ್ಷೆ ಮಾಡಿದರೆ ಟಿ ಕಣಗಳು ಏರಿದ್ದವು, ಅಂಕಪಟ್ಟಿ ಅಚ್ಚುಕಟ್ಟು. ದಕ್ಷಿಣ ಆಫ್ರಿಕಾದ ಕೂಸುಗಳಿಗೆ ಕೊಟ್ಟು ನೋಡಿದರು. 2013ರಲ್ಲಿ ಫಲಿತಾಂಶ: ಬಿಸಿಜಿ ಕೊಟ್ಟಿದ್ದಕ್ಕಿಂತ ಹೆಚ್ಚಿನ ರಕ್ಷಣೆ ಏನೂ ಇಲ್ಲ. ಅಸಲು ವಿಷಯ ಏನಪ್ಪಾ ಅಂದರೆ, ರಕ್ತದಲ್ಲಿ ಯಾವ ಅಂಕ ನೋಡಿ ಪಾಸು ಮಾಡಬೇಕು ಅಂತ ಪರೀಕ್ಷಕರಿಗೇ ಇನ್ನೂ ಗೊತ್ತಿಲ್ಲ. 2020ರಲ್ಲಂತೂ ನಮ್ಮ ಅಜ್ಜನನ್ನೇ ಚರ್ಮದ ಬದಲು ರಕ್ತನಾಳದ ಮೂಲಕ ಒಳಗೆ ಬಿಟ್ಟರು. ಹತ್ತು ಮಂಗಗಳಲ್ಲಿ ಒಂಬತ್ತಕ್ಕೆ ರಕ್ಷಣೆ! ಇಷ್ಟು ವರ್ಷ ಬಾಗಿಲೇ ತಪ್ಪಾಗಿತ್ತಾ?

ಕೋವಿಡ್‌ಗೆ ಮಾತ್ರ ಒಂದೇ ವರ್ಷದಲ್ಲಿ ಲಸಿಕೆ ಬಂತು. ಅದು ಸುಲಭದ ಕಳ್ಳ, ಒಪ್ಪುತ್ತೇನೆ. ಆದರೆ ಅಲ್ಲಿ ಹಣವೂ ಓಡೋಡಿ ಬಂತು, ಅಲ್ವಾ? ಕ್ಷಯ 2023ರಲ್ಲಿ ಒಂದೇ ವರ್ಷ ಸುಮಾರು 12.5 ಲಕ್ಷ ಜನರನ್ನು ಕೊಂದಿತು. ಅದಕ್ಕೆ ಪ್ರತಿ ಮಾರ್ಚ್ 24ಕ್ಕೆ, ವಿಶ್ವ ಕ್ಷಯ ದಿನದಂದು, ಒಂದು ಘೋಷವಾಕ್ಯ ಸಿಗುತ್ತದೆ.

ಎಂ72 ಎಂಬ ಇನ್ನೊಂದು ಲಸಿಕೆ ದೊಡ್ಡವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ರೋಗ ತಡೆಯಿತು. ಅದು ಮೊದಲು ಗೊತ್ತಾಗಿದ್ದು 2018ರಲ್ಲಿ. ಮುಂದಿನ ದೊಡ್ಡ ಪರೀಕ್ಷೆ ಶುರುವಾಗಿದ್ದು 2024ರಲ್ಲಿ. ಇನ್ನು ಅದು ಮುಗಿಯಬೇಕು. ಅಲ್ಲಿಯವರೆಗೂ ಹಾಜರಿಗೆ ಅಜ್ಜನದೇ ಸಹಿ. ಅಂಗಿಯ ತೋಳು ಮೇಲಕ್ಕೆ ಮಡಚಿ ನೋಡಿಕೊಳ್ಳಿ, ಅಜ್ಜನ ಚುಚ್ಚುಮದ್ದಿನ ಸಣ್ಣ ಗುಳಿ ಕಾಣಿಸಬಹುದು.