ಸಾರ್, ನಿಮ್ ಕಾಲು ಸ್ವಲ್ಪ ತೆಗೀರಿ

ಬೆಳ್ ಬೆಳಗ್ಗೆನೇ ನಡುರಸ್ತೆಲಿ ಜಗಳ ಮಾಡ್ಕೊಂಡು ಆಫೀಸಿಗೆ ಬಂದು ಕೂತಿದೀನಿ. ನನ್ನ ಗೊತ್ತಿರೋರು ಇದರಲ್ಲೇನು ಹೊಸದು ಅಂತೀರ, ಅನ್ನಿ, ಆದ್ರೆ ಮೊದಲು ಪೂರ್ತಿ ಕೇಳಿ.

ಬೆಂಗಳೂರಲ್ಲಿ ಹನುಮಂತನಗರದ ಕಡೆ ಒಂದು ಏರು. ನನ್ನ ಮುಂದೆ ಎಲ್ ಬೋರ್ಡ್ ಕಾರು, ತಲೆ ಮೇಲೆ ಡ್ರೈವಿಂಗ್ ಸ್ಕೂಲ್ ಬೋರ್ಡು. ಸಿಗ್ನಲ್ ಬಿಡ್ತು, ಕಾರು ಗಡಗಡ ನಡುಗಿ ಆಫ್. ಮತ್ತೆ ಸ್ಟಾರ್ಟು, ಮತ್ತೆ ಗಡಗಡ, ಮತ್ತೆ ಆಫ್. ಹಿಂದೆ ಆಟೋದವರು, ಸ್ಕೂಲ್ ವ್ಯಾನಿನವರು ಎಲ್ಲ ಸೇರಿ ಹಾರ್ನ್ ಬಾರಿಸಕ್ಕೆ ಶುರು. ಓಡಿಸ್ತಿದ್ದ ಹುಡುಗಿಗೆ ಇಪ್ಪತ್ತು ಇಪ್ಪತ್ತೊಂದು ಇರಬೇಕು, ಪಾಪ, ಸ್ಟೀರಿಂಗಿಗೆ ಜೋತು ಬಿದ್ದಿದಾಳೆ. ಪಕ್ಕದ ಸೀಟಿನ ಸಾರ್ ಫೋನಿಂದ ತಲೆ ಎತ್ತಿ ಕೈ ಬೀಸಿ ಏನೋ ಬೈದ್ರು. ಆಮೇಲೆ ಅವರ ಭುಜ ಒಂಚೂರು ಸೀಟಿಗೆ ಒತ್ತಿದಂಗೆ ಹಿಂದಕ್ಕೆ ಹೋಯ್ತು ನೋಡಿ, ಆವಾಗ್ಲೇ ನಂಗೆ ಗೊತ್ತಾಯ್ತು, ತಮ್ಮ ಕಡೆಯ ಕ್ಲಚ್ ತುಳಿದ್ರು ಅಂತ (ಡ್ರೈವಿಂಗ್ ಸ್ಕೂಲ್ ಕಾರಲ್ಲಿ ಕಲಿಸೋರ ಕಾಲ ಹತ್ರನೂ ಕ್ಲಚ್, ಬ್ರೇಕ್ ಇರತ್ತೆ). ಕಾರು ಜುಂ ಅಂತ ಹೊರಟೋಯ್ತು. ಆ ಹುಡುಗಿ ಅಂದ್ಕೊಂಡಿರ್ತಾಳೆ, ಅಬ್ಬಾ ಈ ಸಲ ನಾನು ಕರೆಕ್ಟಾಗಿ ಬಿಟ್ಟೆ ಅಂತ.

ಇಲ್ಲ ಕಣಮ್ಮ. ನೀನು ಬಿಟ್ಟಿಲ್ಲ. ನಾನೂ ಹದಿನೈದು ದಿನ ಹಂಗೇ ಅಂದ್ಕೊಂಡಿದ್ದೆ.

ಮುಂದಿನ ಸಿಗ್ನಲ್‌ನಲ್ಲಿ ಪಕ್ಕಕ್ಕೆ ಹೋಗಿ ಗಾಜು ಇಳಿಸಿ ಹೇಳೇಬಿಟ್ಟೆ, "ಸಾರ್, ನಿಮ್ ಕಾಲು ಸ್ವಲ್ಪ ತೆಗೀರಿ, ಆ ಮಗು ಕಲೀಲಿ." ಅವರು, "ಮೇಡಂ, ನಿಮ್ ಗಾಡಿ ನೀವು ನೋಡ್ಕಳಿ." ನಾನು ಇನ್ನೇನೋ ಹೇಳಕ್ಕೆ ಹೋದೆ, ಅಷ್ಟ್ರಲ್ಲಿ ಸಿಗ್ನಲ್ ಬಿಡ್ತು, ಮಾತಿನ ಬಿಸೀಲಿ ಕ್ಲಚ್ ಪಟ್ ಅಂತ ಬಿಟ್ಟು ನನ್ನ ಗಾಡಿ ಆಫ್. ಆರು ವರ್ಷದಿಂದ ದಿನಾ ಓಡಿಸ್ತಿದೀನಿ ರೀ ನಾನು! ಸಾರ್ ನಕ್ಕಿದ್ದು ಬಿಡಿ, ಆ ಹುಡುಗಿನೂ ನಕ್ಕಳು.

ಹೋಗ್ಲಿ. ನನ್ನ ಸಿಟ್ಟು ಏನು ಅಂದ್ರೆ, ಡ್ರೈವಿಂಗ್ ಸ್ಕೂಲಲ್ಲಿ ದುಡ್ಡು ಕೊಡೋರು ನಾವು, ಕ್ಲಚ್ ತುಳಿಯೋರು ಅವರು. ನನಗೆ ಕಲಿಸಿದ್ದು (ಕಲಿಸಿದ್ದು ಅಂತ ಗೌರವಕ್ಕೆ ಹೇಳ್ತಿದೀನಿ) ಒಂದು ಸ್ಕೂಲು, ಹೆಸರು ಬೇಡ. ಹದಿನೈದು ದಿನದ ಕೋರ್ಸು, ದಿನಾ ಅರ್ಧ ಗಂಟೆ, ಅದರಲ್ಲೂ ಒಂದೇ ಕಾರಲ್ಲಿ ಇಬ್ಬರು. ನಾನು ಕಾಲು ಗಂಟೆ ಓಡಿಸೋದು, ಇನ್ನು ಕಾಲು ಗಂಟೆ ಹಿಂದೆ ಕೂತು ಇನ್ನೊಬ್ಬರು ಓಡಿಸೋದನ್ನ ನೋಡೋದು, ಅದನ್ನ ಅಬ್ಸರ್ವೇಶನ್ ಅಂತಿದ್ರು. ಲೆಕ್ಕ ಹಾಕಿ, ಸ್ಟೀರಿಂಗ್ ಹಿಡಿದಿದ್ದು ನಾಲ್ಕು ಗಂಟೆನೂ ಇಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಡ್ರೈವಿಂಗ್ ಸ್ಕೂಲಿನ ತರಬೇತಿ ಕನಿಷ್ಠ 21 ದಿನ, ಕೈಗೆ ಗಾಡಿ ಕೊಟ್ಟು ಓಡಿಸೋದು ಕನಿಷ್ಠ 10 ಗಂಟೆ ಅಂತಿದೆ. ನಂಗೆ ಅದು ಗೊತ್ತಾಗಿದ್ದು ಲೈಸೆನ್ಸ್ ಬಂದು ಎಷ್ಟೋ ವರ್ಷ ಆದ್ಮೇಲೆ. ಗೊತ್ತಿದ್ರೆ ಅವತ್ತೇ ಒಂದು ಜಗಳ ಮಾಡಿರ್ತಿದ್ದೆ.

ಆ ನಾಲ್ಕು ಗಂಟೇಲಿ ನಂಗೆ ಗಾಡಿ ಒಂದು ಸಲನೂ ಆಫ್ ಆಗಲಿಲ್ಲ. ಮನೇಲೆಲ್ಲ ಹೇಳ್ಕೊಂಡು ತಿರುಗಾಡಿದೀನಿ, ನಂಗೆ ಡ್ರೈವಿಂಗ್ ಹುಟ್ಟಿನಿಂದ್ಲೇ ಬಂದಿರಬೇಕು ಅಂತ! ಟೆಸ್ಟಲ್ಲೂ ಅಷ್ಟೇ, ಚಪ್ಪಟೆ ಜಾಗದಲ್ಲಿ ಸ್ವಲ್ಪ ಮುಂದೆ, ಸ್ವಲ್ಪ ರಿವರ್ಸು, "ಆಯ್ತು ಇಳೀರಿ". ಅದೇ 1989ರ ನಿಯಮದಲ್ಲಿ ಟೆಸ್ಟಿಗೆ ಬಂದೋರು ಏರಲ್ಲಿ ಗಾಡಿ ನಿಲ್ಲಿಸಿ ಹಿಂದಕ್ಕೆ ಜಾರದಂಗೆ ಮತ್ತೆ ಹೊರಡಿಸಿ ತೋರಿಸಬೇಕು ಅಂತ ಬರೆದಿದಾರೆ. ನಂಗಂತೂ ಏರು ತೋರಿಸಿದೋರೇ ಇಲ್ಲ.

ಲೈಸೆನ್ಸ್ ಬಂತು. ನಾಲ್ಕು ವರ್ಷ ಪರ್ಸಲ್ಲೇ ಇತ್ತು, ಸಿಮ್ ಕಾರ್ಡ್ ತಗೊಳಕ್ಕೆ, ಏರ್‌ಪೋರ್ಟ್ ಗೇಟಲ್ಲಿ ತೋರಿಸಕ್ಕೆ ಭಾಳ ಚೆನ್ನಾಗಿ ಉಪಯೋಗಕ್ಕೆ ಬಂತು. ಇದನ್ನ ಇಲ್ಲೀವರೆಗೂ ಯಾರಿಗೂ ಹೇಳಿಲ್ಲ, ಇವತ್ತು ಹೇಳಿಬಿಡ್ತೀನಿ. ಒಂದು ಮದುವೆ, ಛತ್ರದ ಬೇಸ್‌ಮೆಂಟಲ್ಲಿ ನಮ್ಮ ಕಾರು, ರ‍್ಯಾಂಪಿಗೆ ಸರಿಯಾಗಿ ಅಡ್ಡ ನಿಲ್ಸಿ ನಮ್ಮೆಜಮಾನ್ರು ಕೀ ನನ್ನ ಕೈಗೆ ಕೊಟ್ಟು ಹೂವು ತರಕ್ಕೆ ಹೋಗಿದಾರೆ. ನಾನು ಊಟಕ್ಕೆ ಕೂತಿದೀನಿ, ಪಾಯಸ ಬಡಿಸ್ತಿದಾರೆ, ಮೈಕಲ್ಲಿ ಕಾರ್ ನಂಬರ್ ಕೂಗಿದ್ರು, "ದಯವಿಟ್ಟು ಗಾಡಿ ತೆಗೀರಿ". ಕೀ ವ್ಯಾನಿಟಿ ಬ್ಯಾಗಲ್ಲಿ. ಲೈಸೆನ್ಸೂ ಅದೇ ಬ್ಯಾಗಲ್ಲಿ. ನಾನು ತಲೆ ತಗ್ಗಿಸಿ ಪಾಯಸ ತಿಂದೆ. ಮೂರು ಸಲ ಕೂಗಿದ್ರು. ಪಕ್ಕದ ಎಲೆಯವರು "ಯಾರ್ರೀ ಅದು, ಸ್ವಲ್ಪನೂ ಸೆನ್ಸ್ ಬೇಡ್ವಾ" ಅಂದ್ರು, ನಾನೂ "ಹೌದ್ರೀ, ಏನ್ ಜನಾನೋ" ಅಂದೆ.

ಆಮೇಲೆ ಕಲಿಸಿದ್ದು ನನ್ನ ಸೋದರಮಾವ. ತೀರ್ಥಹಳ್ಳಿ ಹತ್ರ ಅವರ ಮನೆ, ವಯಸ್ಸಲ್ಲಿ ಲಾರಿ ಓಡಿಸಿದೋರು, ಈಗ ಅಡಿಕೆ ತೋಟ, ಒಂದು ಹಳೇ ಓಮ್ನಿ. ಬೇಸಿಗೆ ರಜೆಗೆ ಹೋದಾಗ ಹೆಮ್ಮೆಯಿಂದ ಲೈಸೆನ್ಸ್ ತೋರಿಸಿದೆ, ಅಂಗಳದಲ್ಲಿ ಓಡ್ಸು ನೋಡನ ಅಂದ್ರು. ಓಮ್ನಿ ಕಪ್ಪೆ ಹಾರಿದಂಗೆ ಎರಡು ಸಲ ಹಾರಿ ಆಫ್. "ಎಂತಾ ಮಾರಾಯ್ತಿ, ಕೆಂಡ ತುಳಿದೋರ ಹಂಗೆ ಕಾಲು ತೆಗೀತೀಯಲ್ಲೇ."

ಆಮೇಲೆ ಅವರು ಒಂದು ಕೆಲಸ ಮಾಡಿದ್ರು, ಯಾವ ಸ್ಕೂಲೂ ಮಾಡದ್ದು. ಜಗಲಿ ಮೇಲೆ ಕೂರಿಸಿ, ಒಂದು ಅಂಗೈ ಅಲ್ಲಾಡದಂಗೆ ಹಿಡಿ, ಇನ್ನೊಂದನ್ನ ಅದರ ಎದುರಿಗೆ ಗುಂಡಗೆ ತಿರುಗಿಸ್ತಾ ಮೆಲ್ಲಗೆ ಹತ್ರ ತಾ ಅಂದ್ರು. ತಿರುಗೋದು ಇಂಜಿನ್ನು, ನಿಂತಿರೋದು ಚಕ್ರದ ಕಡೇದು. ಮೊದಲು ಸವರ್ತದೆ, ಆಮೇಲೆ ಉಜ್ತದೆ, ಆಮೇಲೆ ಹಿಡ್ಕೊಂಡು ಎರಡೂ ಒಟ್ಟಿಗೆ ತಿರುಗ್ತದೆ. "ಕೈ ಬಿಸಿ ಆತಲ? ಅದೇ ಹಾಫ್ ಕ್ಲಚ್ಚು. ಅಲ್ಲೇ ನಿಂತ್ರೆ ಪ್ಲೇಟ್ ಸುಡ್ತು. ಒಂದೇ ಸಲ ಹೊಡೆದ್ರೆ ಇಂಜಿನ್ ಉಸಿರು ಕಟ್ತು." ಅಷ್ಟೇ ಕಣ್ರೀ ಕ್ಲಚ್ ಅಂದ್ರೆ! ನಿಂತಲ್ಲಿ ಇಂಜಿನ್ನು ನಿಮಿಷಕ್ಕೆ 800-900 ಸುತ್ತು ತಿರುಗ್ತಿರತ್ತೆ, ಚಕ್ರ ಸೊನ್ನೆ, ಇವೆರಡನ್ನ ಜಗಳ ಇಲ್ಲದಂಗೆ ಸೇರಿಸಬೇಕಾಗಿರೋದು ಎಡಗಾಲು. ಅಂಗೈ ಎರಡು ಇದ್ರೆ ಸಾಕಾಗಿತ್ತು ಹೇಳ್ಕೊಡಕ್ಕೆ, ನಮ್ ಸಾರಿಗೆ ಕೈ ಫೋನಲ್ಲಿ ಬಿಜಿ ಇತ್ತು.

ಮೊದಲ ದಿನ ಪೂರ್ತಿ ಆಕ್ಸಿಲರೇಟರ್ ಮುಟ್ಟಂಗೇ ಇಲ್ಲ. ಚಪ್ಪಲಿ ಬಿಚ್ಚಿ, ಹಿಮ್ಮಡಿ ಕೆಳಗೆ ಊರಿ, ಬರೀ ಕ್ಲಚ್ಚಲ್ಲೇ ಅಂಗಳದ ಈ ತುದಿಯಿಂದ ಆ ತುದಿಗೆ ಇರುವೆ ಹೋದಂಗೆ ಹೋಗಬೇಕು. ಎಷ್ಟು ಸಲ ಆಫ್ ಆಯ್ತೋ ಲೆಕ್ಕ ಇಲ್ಲ. ಮಾವ ಪಕ್ಕದಲ್ಲಿ ಕೂರಲೂ ಇಲ್ಲ, ಜಗಲಿ ಮೇಲೆ ಎಲೆ ಅಡಿಕೆ ಹಾಕ್ಕೊಂಡು ಕೂತಿದ್ರು. ಸಂಜೆ ಹೊತ್ತಿಗೆ ಅದು ಪಾದಕ್ಕೇ ಗೊತ್ತಾಗಕ್ಕೆ ಶುರುವಾಯ್ತು, ಇಂಜಿನ್ ಸದ್ದು ಒಂಚೂರು ದಪ್ಪ ಆಗತ್ತೆ, ಗಾಡಿ ಮೂತಿ ಎತ್ತಿದಂಗೆ ಆಗತ್ತೆ, ಆ ಜಾಗದಲ್ಲಿ ಕಾಲು ನಿಲ್ಲಿಸಬೇಕು.

ಮೂರನೇ ದಿನ ಮನೆ ಏರು. ರಸ್ತೆಯಿಂದ ಅಂಗಳಕ್ಕೆ ಮಣ್ಣಿನ ದಾರಿ, ಸಿಕ್ಕಾಪಟ್ಟೆ ಕಡಿದು. ಅರ್ಧದಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆಸಿದ್ರು. ಆಮೇಲೆ ತಮ್ಮ ಹವಾಯಿ ಚಪ್ಪಲಿ ಬಿಚ್ಚಿ, ಹಿಂದಿನ ಚಕ್ರದಿಂದ ಮೂರು ಬೆರಳು ಬಿಟ್ಟು ಇಟ್ರು. "ಇದರ ಮೇಲೆ ಹತ್ತಿದ್ರೆ ಹೊಸ ಜೊತೆ ನಿಂದು." ಹಾಫ್ ಕ್ಲಚ್ಚಿಗೆ ತಂದು, ಸ್ವಲ್ಪ ರೇಸ್ ಕೊಟ್ಟು, ಮೂತಿ ಎತ್ತಿದಾಗ ಹ್ಯಾಂಡ್‌ಬ್ರೇಕ್ ಬಿಡಬೇಕು. ಮೊದಲ ಸಲ ಹತ್ತಿದೆ. ಎರಡನೇ ಸಲ ಹತ್ತಿದೆ. ಏಳೋ ಎಂಟೋ ಆದ್ಮೇಲೆ ಗಾಡಿ ಹಿಂದಕ್ಕೆ ಒಂದು ಬೆರಳೂ ಸರೀದೆ ಮುಂದೆ ಹೋಯ್ತು ನೋಡಿ... ಎಸ್ಸೆಲ್ಸಿ ರಿಸಲ್ಟ್ ದಿನವೂ ನಾನು ಹಂಗೆ ಕೂಗಿರಲಿಲ್ಲ. ಚಪ್ಪಲಿದು ಉಂಗುಟ ಕಿತ್ತೋಗಿತ್ತು, ತೀರ್ಥಹಳ್ಳಿ ಪೇಟೆಗೆ ನಾನೇ ಓಡಿಸ್ಕೊಂಡು ಹೋಗಿ ಹೊಸದು ಕೊಡಿಸಿದೆ.

ಹೊರಡೋ ಮುಂಚೆ ಆಗುಂಬೆ ಘಾಟಿನೂ ಇಳಿಸಿದ್ರು, 14 ತಿರುವು. ಹತ್ತೋ ಗೇರಲ್ಲೇ ಇಳೀಬೇಕು, ಗೇರ್ ತೆಗೆದು ನ್ಯೂಟ್ರಲ್ ಮಾಡಿದ್ರೆ ಬ್ರೇಕ್ ಒಂದೇ ಎಲ್ಲ ಭಾರ ಹೊತ್ತು ಕಾದು ಕೈ ಕೊಡತ್ತೆ ಅಂತ ಹೇಳಿ, ಆಮೇಲೆ ಅವರು ಮಾತೇ ಆಡ್ಲಿಲ್ಲ. ಮಾತಾಡದೆ ಇದ್ದಿದ್ದೇ ನಂಗೆ ಭಯ ಆಗಿದ್ದು.

ಈಗ ಕಾಮೆಂಟಲ್ಲಿ ಬರೋದು ಗೊತ್ತು, "ಆಟೋಮ್ಯಾಟಿಕ್ ತಗೊಳಿ ಮೇಡಂ, ಯಾವ ಕಾಲದಲ್ಲಿದೀರ." ಕ್ಲಚ್ ಪೆಡಲ್ಲೇ ಇಲ್ಲದ ಗಾಡಿ ಅದು. ನಮ್ ಡ್ರೈವಿಂಗ್ ಸ್ಕೂಲ್ ಸಾರೂ ಇದನ್ನೇ ಹೇಳಿದ್ದು, "ಲೇಡೀಸ್‌ಗೆ ಆಟೋಮ್ಯಾಟಿಕ್ಕೇ ಸರಿ" ಅಂತ. ಓಹೋ. ಕಲಿಸಕ್ಕೆ ಬರದೇ ಇರೋದು ನಿಮಗೆ, ಕಾರ್ ಬದಲಾಯಿಸಬೇಕಾಗಿರೋದು ನಾನು? ಒಪ್ಪಿದೆ, ಸಿಲ್ಕ್ ಬೋರ್ಡ್ ಜಂಕ್ಷನ್ ಟ್ರಾಫಿಕ್ಕಲ್ಲಿ ಒಂದು ಗಂಟೆ ನಿಂತಾಗ ಎಡಗಾಲು ಆಟೋಮ್ಯಾಟಿಕ್ಕೇ ಬೇಕು ಅಂತ ಅಳತ್ತೆ, ನಂದೂ ಅತ್ತಿದೆ. ಆದ್ರೆ ಊರಲ್ಲಿ ಅಪ್ಪನ ಕಾರು ಯಾವುದು, ಸೆಕೆಂಡ್ ಹ್ಯಾಂಡಲ್ಲಿ ಕೈಗೆಟುಕೋ ರೇಟಿಗೆ ಸಿಗೋದು ಯಾವುದು, ಅರ್ಧ ರಾತ್ರೀಲಿ ಪಕ್ಕದ ಮನೆಯೋರು ಕೀ ಕೊಟ್ರೆ ಅದು ಯಾವುದಿರತ್ತೆ, ಯೋಚ್ನೆ ಮಾಡಿ.

ಇನ್ನೊಂದು ವಾದ ನಮ್ಮೆಜಮಾನ್ರದ್ದು, ಟ್ರಾಫಿಕ್ಕಲ್ಲಿ ಸಾರ್ ಕಾಲು ಇಡದೆ ಇದ್ರೆ ಯಾರಿಗಾದ್ರೂ ಗುದ್ದಿದ್ರೆ? ಅವರ ಕಡೆಗೂ ಪೆಡಲ್ ಇರಬೇಕು ಅಂತ ರೂಲೇ ಇದೆಯಲ್ಲ? ಇದೆ, ಬೇಕಾದಾಗ ಗಾಡಿ ಹತೋಟಿಗೆ ತಗೊಳಕ್ಕೆ, ಇಲ್ಲಾ ನಿಲ್ಲಿಸಕ್ಕೆ. ಬ್ರೇಕ್ ಮೇಲೆ ಕಾಲಿಟ್ಕೊಂಡು ಕೂರಿ ಸಾರ್, ಕೈ ಮುಗೀತೀನಿ. ಕ್ಲಚ್ ಬಿಡಿ. ಬೇಕಿದ್ರೆ ಮೊದಲೆರಡು ದಿನ ಖಾಲಿ ಮೈದಾನಕ್ಕೆ ಕರ್ಕೊಂಡು ಹೋಗಿ ನೂರು ಸಲ ಆಫ್ ಆಗಕ್ಕೆ ಬಿಡಿ. ಪೆಟ್ರೋಲ್ ಖರ್ಚು, ಪ್ಲೇಟ್ ಸವೆಯತ್ತೆ ಅಂತೀರಾ, ಹಂಗಾದ್ರೆ ಫೀಸ್ ತಗೊಂಡಿದ್ದು ಯಾತಕ್ಕೆ, ಪಕ್ಕದಲ್ಲಿ ಕೂತು ರೀಲ್ಸ್ ನೋಡಕ್ಕಾ?

ಇಷ್ಟು ಟೈಪ್ ಮಾಡೋ ಹೊತ್ತಿಗೆ ಪಕ್ಕದ ಡೆಸ್ಕಿನ ಹುಡುಗಿ ಬಗ್ಗಿ ಓದಿ, "ಅಕ್ಕಾ, ನಂದೂ ಇದೇ ಕಥೆ, ಎರಡು ವರ್ಷ ಆಯ್ತು ಲೈಸೆನ್ಸ್ ಬಂದು" ಅಂತಿದಾಳೆ. ಭಾನುವಾರ ಬೆಳಗ್ಗೆ ಆರಕ್ಕೆ ಬರಕ್ಕೆ ಹೇಳಿದೀನಿ. ನಮ್ಮ ಲೇಔಟ್ ಹಿಂದೆ ಖಾಲಿ ರಸ್ತೆ ಇದೆ, ಕೊನೇಲಿ ಒಂದು ಚಿಕ್ಕ ಏರೂ ಇದೆ. ಹವಾಯಿ ಚಪ್ಪಲಿ ಅವಳೇ ತರಬೇಕು, ನಂದು ಹೊಸದು.