ಅಳುವವರನ್ನು ಅವಸರ ಮಾಡದ ಪುಸ್ತಕಗಳು

ಸಾವಾದ ಮನೆಯವರಿಗೆ ಒಂದು ಪುಸ್ತಕ ಕೊಡೋಣ ಅನ್ನಿಸಿದಾಗ ನಮ್ಮಲ್ಲಿ ಎಷ್ಟೋ ಜನ ಪುಸ್ತಕದಂಗಡಿಯಲ್ಲಿ ಧೈರ್ಯ ತುಂಬುವ ಪುಸ್ತಕಗಳ ಕಪಾಟಿನ ಮುಂದೆ ಹೋಗಿ ನಿಲ್ಲುತ್ತಾರೆ. ಕೊಡುವವರ ಮನಸ್ಸು ಒಳ್ಳೆಯದೇ. ಆದರೆ ನನಗೆ ಆ ಪುಸ್ತಕಗಳ ಬಗ್ಗೆ ದೊಡ್ಡ ತಕರಾರಿದೆ. ದುಃಖ ಅಂದರೆ ಬೇಗ ಮುಗಿಸಬೇಕಾದ ಕೆಲಸ ಅಂತ ಅವು ತಿಳಿದುಕೊಂಡಿವೆ. ಮೊದಲ ಪುಟದಿಂದಲೇ ನಮ್ಮನ್ನು ಹೊರಗೆ ತಳ್ಳಲು ಶುರು ಮಾಡುತ್ತವೆ. ಏಳು, ಮುಖ ತೊಳಿ, ಮುಂದೆ ನಡಿ.

ಅಮ್ಮ ಹೋದಾಗ ಇದನ್ನೇ ಜನರ ಬಾಯಲ್ಲಿ ಕೇಳಿದೆ. ವೈಕುಂಠ ಸಮಾರಾಧನೆಯ ಊಟ ಮುಗಿದು ಕೈ ತೊಳೆಯುತ್ತಲೇ ‘ಇನ್ನು ಮನಸ್ಸು ಗಟ್ಟಿ ಮಾಡ್ಕೋಬೇಕು’ ಅಂದರು. ‘ವಯಸ್ಸಾಗಿತ್ತು ಅಲ್ವಾ, ನರಳದೆ ಹೋದರಲ್ಲ, ಪುಣ್ಯವಂತೆ’ ಅಂದರು. ಯಾರ ಮೇಲೂ ಸಿಟ್ಟಿಲ್ಲ. ಬೇರೆ ಏನು ಹೇಳಬೇಕು ಅಂತ ಅವರಿಗಾದರೂ ಎಲ್ಲಿ ಗೊತ್ತಿತ್ತು? ಆದರೆ ಆ ತಿಂಗಳುಗಳಲ್ಲಿ ನನ್ನ ಜೊತೆ ಕೂತಿದ್ದು ಪುಸ್ತಕಗಳೇ. ಅವುಗಳಲ್ಲಿ ಒಂದೂ ದುಃಖ ನಿವಾರಣೆಗೆ ಅಂತ ಬರೆದದ್ದಲ್ಲ. ಒಂದು ಹಳಗನ್ನಡ ಕಾವ್ಯ, ಕೆಲವು ವಚನ, ಒಂದೆರಡು ಕವಿತೆ, ಕಾದಂಬರಿಗಳು. ಇವಕ್ಕೆಲ್ಲ ಒಂದೇ ಗುಣ. ಯಾವುದೂ ನನ್ನನ್ನು ಅವಸರ ಮಾಡಲಿಲ್ಲ.

ರನ್ನನಿಂದ ಶುರು ಮಾಡುತ್ತೇನೆ. ‘ಗದಾಯುದ್ಧ’ ಅಂದರೆ ಎಲ್ಲರಿಗೂ ನೆನಪಾಗುವುದು ಭೀಮ, ದುರ್ಯೋಧನ, ಗದೆ, ತೊಡೆ. ನನಗೆ ಮಾತ್ರ ಆ ಕಾವ್ಯದ ಜೀವ ಇರುವುದು ಗದೆ ಎತ್ತುವುದಕ್ಕೆ ಮೊದಲು, ದುರ್ಯೋಧನ ಸಂಜಯನ ಜೊತೆ ರಣರಂಗದಲ್ಲಿ ನಡೆದು ಹೋಗುವ ಭಾಗದಲ್ಲಿ. ಶರಶಯ್ಯೆಯ ಮೇಲಿರುವ ಭೀಷ್ಮನನ್ನು ಕಾಣಲು ಹೊರಟಿದ್ದಾನೆ. ದಾರಿ ತುಂಬ ಹೆಣ. ಒಂದೊಂದು ಹೆಣದ ಮುಂದೆಯೂ ನಿಲ್ಲುತ್ತಾನೆ. ದ್ರೋಣನ ಮುಂದೆ ನಿಲ್ಲುತ್ತಾನೆ. ಆಮೇಲೆ ಅಭಿಮನ್ಯು ಸಿಗುತ್ತಾನೆ. ಶತ್ರುವಿನ ಮಗ. ಅವನಿಗೂ ಕೈ ಮುಗಿದು, ನಿನ್ನ ಸಾಹಸದಲ್ಲಿ ಒಂದು ಪಾಲಾದರೂ ಇರುವಂಥ ಸಾವು ನನಗೆ ಬರಲಿ ಅಂತ ಬೇಡಿಕೊಳ್ಳುತ್ತಾನೆ. ಮಗ ಲಕ್ಷಣಕುಮಾರನ ಹತ್ತಿರ ಬಂದಾಗ ಹೇಳುವ ಮಾತು ಇಂದಿಗೂ ಎದೆಗೆ ನಾಟುತ್ತದೆ. ತಂದೆಗೆ ಮಗ ನೀರು ಬಿಡುವುದು ಸರಿಯಾದ ಕ್ರಮ. ನಿನಗೆ ನಾನು ಬಿಡುವ ಹಾಗಾಯಿತಲ್ಲ, ಕ್ರಮವನ್ನೇ ತಲೆಕೆಳಗು ಮಾಡಿಬಿಟ್ಟೆಯಲ್ಲ ಮಗನೇ ಅನ್ನುತ್ತಾನೆ. ದುಶ್ಶಾಸನನಿಗೂ ಹೆಚ್ಚು ಕಡಿಮೆ ಇದೇ ಮಾತು. ತಾಯಿಯ ಹಾಲಿನಿಂದ ಹಿಡಿದು ಎಲ್ಲವೂ ಮೊದಲು ನನಗೆ, ಆಮೇಲೆ ನಿನಗೆ. ಸಾವಿನಲ್ಲಿ ಮಾತ್ರ ನೀನು ಮುಂದೆ ಹೋದೆ.

ಕರ್ಣನ ಮುಂದೆ ಅವನ ಮಾತು ಬೇರೆಯಾಗುತ್ತದೆ. ‘ನೀನುಳ್ಳೊಡುಂಟು ರಾಜ್ಯಂ’ ಅಂತ ಶುರುವಾಗುವ ಪದ್ಯ ಅದು. ನೀನಿದ್ದರೆ ರಾಜ್ಯ, ನೀನಿದ್ದರೆ ಪಟ್ಟ, ನೀನಿದ್ದರೆ ಬೆಳ್ಗೊಡೆ, ಅಂದರೆ ಅರಸನ ಬಿಳಿ ಕೊಡೆ. ನೀನಿಲ್ಲದ ಮೇಲೆ ಇವೆಲ್ಲ ಇವೆಯೇ? ಸುಮಾರು ಸಾವಿರ ವರ್ಷದ ಹಿಂದೆ ಒಬ್ಬ ಕವಿ, ಯಾರನ್ನು ಲೋಕವೆಲ್ಲ ಕೆಟ್ಟವನು ಅನ್ನುತ್ತದೋ ಅವನಿಗೆ, ಅಳಲು ಇಷ್ಟು ಜಾಗ ಬಿಟ್ಟುಕೊಟ್ಟ. ಯುದ್ಧದ ಕತೆ ನಿಂತು ಕಾಯುತ್ತದೆ. ಇದನ್ನು ಶಾಲೆಯಲ್ಲಿ ಅರ್ಥ, ಛಂದಸ್ಸು, ಅಲಂಕಾರ ಅಂತ ಓದಿದವರು ದಯವಿಟ್ಟು ಇನ್ನೊಮ್ಮೆ ಓದಿ. ಗದ್ಯಾನುವಾದ ಪಕ್ಕದಲ್ಲಿಟ್ಟುಕೊಂಡಾದರೂ ಸರಿ.

ಅಳಲು ಬಿಡುವೇ ಸಿಗದವರ ಕಾವ್ಯವೂ ನಮ್ಮಲ್ಲಿದೆ. ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’. 13ನೇ ಶತಮಾನದ್ದು. ನಾವು ಯಾವಾಗಲೂ ಹರಿಶ್ಚಂದ್ರನ ಸತ್ಯದ ಬಗ್ಗೆ ಮಾತಾಡುತ್ತೇವೆ. ಚಂದ್ರಮತಿಯ ಸ್ಥಿತಿ ನೋಡಿ. ರಾಣಿಯಾಗಿದ್ದವಳು ಇನ್ನೊಬ್ಬರ ಮನೆಯಲ್ಲಿ ದಾಸಿ. ಕಾಡಿಗೆ ಹೋದ ಮಗ ಲೋಹಿತಾಶ್ವನಿಗೆ ಹಾವು ಕಚ್ಚಿತು ಅನ್ನುವ ಸುದ್ದಿ ಬರುತ್ತದೆ. ಅವಳು ಹಾಗೆಯೇ ಓಡಿಹೋಗುವಂತಿಲ್ಲ. ಮನೆಯ ಕೆಲಸ ಮುಗಿಸಿ ಹೋಗು ಅನ್ನುತ್ತಾನೆ ಒಡೆಯ. ಮಗನ ಹೆಣ ಹುಡುಕಲು ಒಬ್ಬ ತಾಯಿ ಕೆಲಸ ಮುಗಿಯುವವರೆಗೆ ಕಾಯಬೇಕು. ಕತ್ತಲಲ್ಲಿ ಹುಡುಕಿ, ಅತ್ತು, ಹೊತ್ತುಕೊಂಡು ಸುಡುಗಾಡಿಗೆ ಬಂದರೆ ಅಲ್ಲಿ ಕಾವಲಿಗೆ ನಿಂತಿರುವ ಗಂಡ ಸುಂಕ ಕೇಳುತ್ತಾನೆ. ಓದುವಾಗ ನನಗೆ ಸತ್ಯದ ಪರೀಕ್ಷೆ ಅನ್ನುವುದೇ ಮರೆತುಹೋಗುತ್ತದೆ. ಇವತ್ತಿಗೂ ಮನೆಗೆಲಸಕ್ಕೆ ಬರುವ ಹೆಣ್ಣುಮಕ್ಕಳು, ಗಾರ್ಮೆಂಟ್ಸ್‌ಗೆ ಹೋಗುವವರು, ದಿನಗೂಲಿಯವರು ತಮ್ಮವರ ಸಾವಿಗೂ ರಜೆ ಕೇಳಿಕೊಳ್ಳಬೇಕು. ರಜೆ ಹಾಕಿದರೆ ಕೂಲಿ ಹೋಯಿತು. ದುಃಖಪಡಲು ಬಿಡುವು ಎಲ್ಲರಿಗೂ ಸಿಗುವುದಿಲ್ಲ ಅನ್ನುವುದನ್ನು ರಾಘವಾಂಕನಷ್ಟು ಕಟುವಾಗಿ ಹೇಳಿದ್ದನ್ನು ನಾನಂತೂ ಬೇರೆಲ್ಲೂ ಓದಿಲ್ಲ.

ಗೋವಿನ ಹಾಡಿನ ವಿಷಯದಲ್ಲೂ ಹೀಗೇ ಆಗಿದೆ. ಸತ್ಯವೇ ನಮ್ಮ ತಾಯಿ ತಂದೆ ಅಂತ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಆದರೆ ಆ ಹಾಡು ಕೇಳುವ ಮಗು ಅಳುವುದು ಸತ್ಯಕ್ಕಲ್ಲ. ‘ಆರ ಮೊಲೆಯ ಕುಡಿಯಲಮ್ಮ, ಆರ ಸೇರಿ ಬದುಕಲಮ್ಮ’ ಅನ್ನುವ ಕರುವಿನ ಮಾತಿಗೆ. ಪುಣ್ಯಕೋಟಿ ಸಾಯಲು ಹೊರಡುವ ಮೊದಲು ಉಳಿದ ಹಸುಗಳಿಗೆ ಹೇಳುವ ಮಾತಿಗೆ. ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ, ತಬ್ಬಲಿಯಾದ ಈ ಕರುವನ್ನು ನಿಮ್ಮ ಕಂದ ಅಂತ ಕಾಣಿ. ತಾನಿಲ್ಲದ ಮನೆಯಲ್ಲಿ ತನ್ನ ಮಗು ಹೇಗೆ ಬದುಕುತ್ತದೆ ಅಂತ ಯೋಚಿಸುವ ತಾಯಿಯ ಭಯ ಪೂರ್ತಿ ಇಲ್ಲಿದೆ. ಒದೆಯಬೇಡಿ ಅಂತ ಕೇಳಿಕೊಳ್ಳಬೇಕಾಗಿ ಬಂದದ್ದೇ ಎಷ್ಟು ದೊಡ್ಡ ಸಂಕಟ! ನಮ್ಮ ಮಕ್ಕಳಿಗೆ ಅಗಲಿಕೆಯ ಮೊದಲ ಪಾಠ ಈ ಹಾಡಿನಿಂದಲೇ ಸಿಗುತ್ತದೆ. ಅದನ್ನು ಬರೀ ನೀತಿಪಾಠ ಮಾಡಿ ಮುಗಿಸಬಾರದು.

ಸಾವಿಲ್ಲದೆಯೂ ಹಂಬಲ ಇರುತ್ತದಲ್ಲ. ಅಕ್ಕಮಹಾದೇವಿಯ ‘ಚಿಲಿಮಿಲಿ ಎಂದು ಓದುವ ಗಿಳಿಗಳಿರಾ’ ವಚನ ಎಲ್ಲರಿಗೂ ಗೊತ್ತು. ಗಿಳಿ, ಕೋಗಿಲೆ, ದುಂಬಿ, ಹಂಸ, ನವಿಲು, ಎಲ್ಲರನ್ನೂ ಕೇಳುತ್ತಾಳೆ. ನೀವು ಕಾಣಿರೆ, ನೀವು ಕಾಣಿರೆ. ಯಾರೂ ಉತ್ತರ ಕೊಡುವುದಿಲ್ಲ. ಚೆನ್ನಮಲ್ಲಿಕಾರ್ಜುನ ಎಲ್ಲಿದ್ದಾನೆ ಹೇಳಿ ಅಂತ ಕೇಳುವಲ್ಲಿಗೇ ವಚನ ನಿಲ್ಲುತ್ತದೆ. ಭಕ್ತಿಯ ಅರ್ಥ ಬಲ್ಲವರು ಅದನ್ನು ಹೇಳಲಿ, ಬೇಡ ಅನ್ನುವುದಿಲ್ಲ. ನಾನು ಮಾತ್ರ ಇದನ್ನು ಕಳೆದುಹೋದವರನ್ನು ಕಂಡಕಂಡಲ್ಲಿ ಹುಡುಕುವವರ ಮಾತಾಗಿ ಓದಿಕೊಂಡೆ. ಬಸ್ಸಿನಲ್ಲಿ ಹಿಂದಿನಿಂದ ಅಮ್ಮನ ಹಾಗೇ ಕಾಣುವ ಒಂದು ತುರುಬು ಕಂಡಾಗ ಎದೆ ಹಾರುತ್ತದಲ್ಲ, ಆಗ ನನಗೆ ನೆನಪಾದದ್ದು ಇದೇ ವಚನ.

ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಬಗ್ಗೆ ಹೇಳದಿದ್ದರೆ ಈ ಬರಹಕ್ಕೆ ಅರ್ಥವೇ ಇಲ್ಲ. ಮಗುವನ್ನು ಕಳೆದುಕೊಂಡ ಗಂಡ ಹೆಂಡತಿ ಎದುರುಬದುರು ಇದ್ದಾರೆ. ಅವಳ ನೋಟವನ್ನು ಅವನು ತಾಳಲಾರ. ಇಲ್ಲಿ ಗಂಡ ಅವಳಿಗೆ ಸಮಾಧಾನ ಮಾಡಿಕೋ ಅನ್ನುವುದಿಲ್ಲ. ಅತ್ತುಬಿಡು ಅನ್ನುತ್ತಾನೆ. ನಗುವಿನಲ್ಲಿ ದುಃಖ ಯಾಕೆ ಮರೆಸುತ್ತೀ ಅಂತ ಕೇಳುತ್ತಾನೆ. ಬಿಕ್ಕನ್ನು ತುಟಿ ಕಚ್ಚಿ ತಡೆಯಬೇಡ ಅನ್ನುತ್ತಾನೆ. ಧಾರವಾಡದ ಮನೆಮಾತಿನಲ್ಲಿರುವುದರಿಂದ ಇದು ಪಕ್ಕದ ಕೋಣೆಯಿಂದ ಕೇಳಿದ ಹಾಗಿದೆ. ಸ್ವತಃ ಬೇಂದ್ರೆ ತಮ್ಮ ಎಷ್ಟೋ ಮಕ್ಕಳನ್ನು ಕಳೆದುಕೊಂಡವರು. ಗಂಡಸು ಅಳಬಾರದು, ಹೆಂಗಸು ಜಾಸ್ತಿ ಅಳಬಾರದು ಅನ್ನುವ ನಮ್ಮ ಮನೆಗಳಲ್ಲಿ ಈ ಕವಿತೆ ಹೇಳುವುದು ನೇರ ಎದುರುಮಾತು. ಹಾಡಾಗಿ ಕೇಳಿ ಕೇಳಿ ನಾವು ಅದರ ರಾಗಕ್ಕೆ ಒಗ್ಗಿಹೋಗಿದ್ದೇವೆ. ಒಮ್ಮೆ ಹಾಡಿಲ್ಲದೆ, ಸುಮ್ನೆ ಓದಿ ನೋಡಿ.

ಲಂಕೇಶರ ‘ಅವ್ವ’ ನನಗೆ ಬೇರೊಂದು ಕಾರಣಕ್ಕೆ ಬೇಕಾಯಿತು. ಹೋದವರನ್ನು ನಾವು ತಕ್ಷಣ ದೇವರು ಮಾಡಿಬಿಡುತ್ತೇವೆ. ಶ್ರದ್ಧಾಂಜಲಿ ಫ್ಲೆಕ್ಸ್‌ಗಳಲ್ಲಿ ಎಲ್ಲರೂ ಸಹನಾಮೂರ್ತಿಗಳು. ಲಂಕೇಶರು ಅವ್ವನನ್ನು ಸಾವಿತ್ರಿ, ಜಾನಕಿಯರ ಸಾಲಿಗೆ ಸೇರಿಸಲು ಒಪ್ಪುವುದಿಲ್ಲ. ಕಪ್ಪು ನೆಲ ಅನ್ನುತ್ತಾರೆ, ಬನದ ಕರಡಿ ಅನ್ನುತ್ತಾರೆ. ಅವಳ ಸಿಟ್ಟು, ಜಗಳ, ಸಣ್ಣತನ ಎಲ್ಲ ಇದೆ. ಕೊನೆಗೆ, ಮನೆಯಿಂದ ಹೊಲಕ್ಕೆ ಹೋದ ಹಾಗೆ ತಣ್ಣಗೆ ಹೊರಟುಹೋದದ್ದಕ್ಕೆ ಕೃತಜ್ಞತೆಯ ಕಣ್ಣೀರು. ನನ್ನ ಅಮ್ಮನೂ ಜಗಳಗಂಟಿ. ಅವಳ ಜಗಳವನ್ನು ನೆನೆದು ಅಳಬಹುದು ಅಂತ ನನಗೆ ಒಪ್ಪಿಗೆ ಕೊಟ್ಟದ್ದು ಈ ಕವಿತೆ.

ಕಾದಂಬರಿಗೆ ಬಂದರೆ ಮೊದಲು ಭೈರಪ್ಪನವರ ‘ಗೃಹಭಂಗ’. 1970ರಲ್ಲಿ ಬಂದದ್ದು. ನಂಜಮ್ಮನ ಗಂಡ ಚೆನ್ನಿಗರಾಯ ಶಾನುಭೋಗ. ಲೆಕ್ಕ ಬರೆಯುವವಳು ಮಾತ್ರ ನಂಜಮ್ಮ. ಮನೆ ನಡೆಸುವುದು, ಎಲೆ ಹಚ್ಚುವುದು, ಮಕ್ಕಳನ್ನು ಓದಿಸುವುದು ಎಲ್ಲ ಅವಳೇ. ಪ್ಲೇಗು ಬಂದು ಬೆಳೆದ ಮಗಳು ಪಾರ್ವತಿಯನ್ನೂ ಮಗ ರಾಮಣ್ಣನನ್ನೂ ಕೊಂಡೊಯ್ಯುತ್ತದೆ. ಈ ಭಾಗವನ್ನು ಭೈರಪ್ಪ ಬರೆದಿರುವ ರೀತಿ ನೋಡಿ. ದೊಡ್ಡ ಮಾತೇ ಇಲ್ಲ. ಯಾರಿಗೆ ಜ್ವರ ಬಂತು, ಯಾರು ಹೊತ್ತರು, ಯಾರು ಬಂದರು, ಯಾರು ಬರಲಿಲ್ಲ. ವರದಿಯ ಹಾಗೆ ಬರೆಯುತ್ತಾ ಹೋಗುತ್ತಾರೆ. ಅದಕ್ಕೇ ಅದು ಓದುವವರನ್ನು ಅಲ್ಲಾಡಿಸುತ್ತದೆ. ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡು ಬೆಳೆದವರು ಅವರು. 1996ರ ಆತ್ಮಕತೆ ‘ಭಿತ್ತಿ’ಯನ್ನು ಇದರ ಜೊತೆಗಿಟ್ಟು ಓದಿದರೆ ನೋವು ಕಾದಂಬರಿಯಾಗುವುದು ಹೇಗೆ ಅಂತ ಕಾಣುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಅವರು ತೀರಿಕೊಂಡಾಗ ಜನ ಅವರ ವಾದವಿವಾದಗಳ ಬಗ್ಗೆಯೇ ಜಾಸ್ತಿ ಬರೆದರು. ಅವರ ಎಷ್ಟೋ ನಿಲುವುಗಳು ನನಗೆ ಒಪ್ಪಿಗೆಯಿಲ್ಲ. ಆದರೆ ನಂಜಮ್ಮನನ್ನು ಕೊಟ್ಟವರ ಋಣ ನನ್ನ ಮೇಲಿದೆ.

ಬಾನು ಮುಷ್ತಾಕ್ ಅವರ ‘ಎದೆಯ ಹಣತೆ’ ಕತೆಯನ್ನೂ ಈ ಸಾಲಿನಲ್ಲೇ ಇಡುತ್ತೇನೆ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಸಂಕಲನದ ಹೆಸರು ಈ ಕತೆಯದ್ದೇ. ಅಲ್ಲಿ ಗಂಡ ಬದುಕಿದ್ದಾನೆ, ತವರು ಇದೆ, ಮಕ್ಕಳಿದ್ದಾರೆ. ಆದರೂ ಮೆಹರುನ್ ಎಲ್ಲವನ್ನೂ ಕಳೆದುಕೊಂಡವಳು. ಈ ನಷ್ಟಕ್ಕೆ ತಿಥಿ ಇಲ್ಲ, ಸಮಾರಾಧನೆ ಇಲ್ಲ, ನೋಡಿಕೊಂಡು ಹೋಗಲು ಬರುವವರೂ ಇಲ್ಲ. ಅದಕ್ಕೇ ಅದರ ಬಗ್ಗೆ ಕತೆಗಳೇ ಬರೆಯಬೇಕು.

ಕನ್ನಡದಾಚೆಯ ಒಂದೇ ಪುಸ್ತಕ ಹೇಳುತ್ತೇನೆ. ಅಮೆರಿಕದ ಲೇಖಕಿ ಜೋನ್ ಡಿಡಿಯನ್ ಅವರ ‘ದಿ ಇಯರ್ ಆಫ್ ಮ್ಯಾಜಿಕಲ್ ಥಿಂಕಿಂಗ್’. 2003ರ ಡಿಸೆಂಬರ್ 30ರ ರಾತ್ರಿ ಊಟಕ್ಕೆ ಕೂತಿದ್ದ ಗಂಡ ಅಲ್ಲೇ ಕುಸಿದು ತೀರಿಕೊಂಡರು. ಮಗಳು ಆಗ ಆಸ್ಪತ್ರೆಯಲ್ಲಿದ್ದಳು. ಡಿಡಿಯನ್ ಪತ್ರಕರ್ತೆ. ತನ್ನ ದುಃಖವನ್ನೇ ವರದಿ ಮಾಡಿದರು. ಗಂಡನ ಬಟ್ಟೆಗಳನ್ನು ಕೊಡಲು ಹೊರಟವರು ಚಪ್ಪಲಿ, ಬೂಟುಗಳ ಹತ್ತಿರ ಬಂದು ನಿಂತುಬಿಡುತ್ತಾರೆ. ಅವನು ವಾಪಸ್ ಬಂದರೆ ಬೇಕಾಗುತ್ತದಲ್ಲ! ಬುದ್ಧಿಗೆ ಎಲ್ಲ ಗೊತ್ತು, ಮನಸ್ಸು ಒಪ್ಪದು. ಇಷ್ಟು ನೇರವಾಗಿ, ಪುರಾಣ ವೇದಾಂತ ಸೇರಿಸದೆ, ಸಾವಿನ ನಂತರದ ಒಂದು ವರ್ಷವನ್ನು ಬರೆದಿಡುವ ಪುಸ್ತಕಗಳು ಕನ್ನಡದಲ್ಲಿ ಇನ್ನೂ ಬರಬೇಕು. ಕೋವಿಡ್‌ನಲ್ಲಿ ತಮ್ಮವರ ಮುಖ ಕೂಡ ನೋಡಲು ಸಿಗದವರು ನಮ್ಮ ಊರೂರಲ್ಲಿದ್ದಾರೆ. ಅವರು ಬರೆಯಲಿ. ಬರೆಯಲು ಬಾರದವರು ಹೇಳಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಸಾಹಿತ್ಯವಾಯಿತೋ ಇಲ್ಲವೋ ಆಮೇಲೆ ನೋಡೋಣ.

ಇನ್ನು ಕೊಡುವ ಮಾತು. ಸಾವಾದ ವಾರದಲ್ಲೇ ಯಾರಿಗೂ ‘ಗೃಹಭಂಗ’ ಕೊಡಬೇಡಿ. ಅದು ತುಂಬ ಭಾರ. ಆಗ ಕವಿತೆಯೇ ಸಾಕು, ಒಂದು ಪುಟಕ್ಕಿಂತ ಹೆಚ್ಚು ಓದುವ ಶಕ್ತಿ ಇರುವುದಿಲ್ಲ. ಜೋರಾಗಿ ಓದಿ ಹೇಳುವವರಿದ್ದರೆ ಇನ್ನೂ ಒಳ್ಳೆಯದು. ಕಾದಂಬರಿ ಕೆಲವು ತಿಂಗಳಾದ ಮೇಲೆ, ಬಂದು ಹೋಗುವವರು ಕಡಿಮೆಯಾದ ಮೇಲೆ.

ಮಕ್ಕಳು ದೂರ ಹೋಗಿ, ಫೋನಿನಲ್ಲಿ ಮಾತ್ರ ಉಳಿದಿರುವ ಅಪ್ಪ ಅಮ್ಮಂದಿರಿಗೆ ಕಾರಂತರ ‘ಬೆಟ್ಟದ ಜೀವ’ ಕೊಡಿ. 1943ರ ಪುಸ್ತಕ. ಸುಬ್ರಹ್ಮಣ್ಯದ ಸುತ್ತಿನ ಕಾಡು, ಗುಡ್ಡ, ಅಡಿಕೆ ತೋಟ. ಗೋಪಾಲಯ್ಯ ಮಾತುಗಾರ, ಹಾಸ್ಯಗಾರ, ಈ ವಯಸ್ಸಿನಲ್ಲೂ ಕಾಡು ಕಡಿದು ತೋಟ ಮಾಡುವ ಹುರುಪು. ಮಗ ಶಂಭು ಮನೆ ಬಿಟ್ಟು ಹೋಗಿದ್ದಾನೆ, ಬಂದಿಲ್ಲ. ಗಂಡ ತನ್ನ ನೋವನ್ನು ಹೆಂಡತಿಗೆ ತೋರಿಸುವುದಿಲ್ಲ, ಹೆಂಡತಿ ಗಂಡನಿಗೆ ತೋರಿಸುವುದಿಲ್ಲ. ಇಬ್ಬರೂ ಅತಿಥಿಯ ಹತ್ತಿರ ಬೇರೆ ಬೇರೆಯಾಗಿ ಹೇಳಿಕೊಳ್ಳುತ್ತಾರೆ. ತಮ್ಮ ಆಸರೆಯಲ್ಲಿ ಬೆಳೆದ ನಾರಾಯಣನೂ ಎಲ್ಲಿ ಹೊರಟುಬಿಡುತ್ತಾನೋ ಅನ್ನುವ ಭಯ ಬೇರೆ. ಅಮೆರಿಕದಲ್ಲೋ ಜರ್ಮನಿಯಲ್ಲೋ ಇರುವ ಮಕ್ಕಳೂ ಇದನ್ನು ಓದಬೇಕು. ಅಪ್ಪ ಫೋನಿನಲ್ಲಿ ಮಳೆ, ಅಡಿಕೆ ರೇಟು, ಪಕ್ಕದ ಮನೆಯವರ ಸುದ್ದಿ ಅಂತ ಅಷ್ಟು ಉದ್ದಕ್ಕೆ ಯಾಕೆ ಮಾತಾಡುತ್ತಾರೆ ಅನ್ನುವುದು ಗೋಪಾಲಯ್ಯನನ್ನು ಓದಿದರೆ ಗೊತ್ತಾಗುತ್ತದೆ.