ಸೂಪರ್ ಕಂಪ್ಯೂಟರ್ ಕೊಡಲೇ ಇಲ್ವಾ?

ಅಮೆರಿಕ ಭಾರತಕ್ಕೆ ಒಂದೂ ಸೂಪರ್ ಕಂಪ್ಯೂಟರ್ ಕೊಡಲಿಲ್ಲ, ಅದಕ್ಕೇ ನಾವು ನಮ್ಮ ಸೂಪರ್ ಕಂಪ್ಯೂಟರ್ ಪರಮ್ ಅನ್ನು ಪೂರ್ತಿ ನಮ್ಮದೇ ಬಿಡಿಭಾಗಗಳಿಂದ ಕಟ್ಟಿದೆವು ಅನ್ನೋ ಮೆಸೇಜ್ ಮತ್ತೆ ಮತ್ತೆ ಬರುತ್ತದೆ. ಇದು ಅರ್ಧ ಮಾತ್ರ ನಿಜ.

ಅಮೆರಿಕದ ನಿರ್ಬಂಧ ಇದ್ದದ್ದು ಹೌದು. ಇಂಥ ಯಂತ್ರದಲ್ಲಿ ಅಣುಬಾಂಬಿನ ಸ್ಫೋಟವನ್ನೂ ಲೆಕ್ಕ ಹಾಕಬಹುದು ಅನ್ನೋದು ಅವರ ಆತಂಕ. ಆದರೆ ಪೂರ್ತಿ ನಿರಾಕರಣೆ ಆಗಿರಲಿಲ್ಲ. ನಾವು ಕೇಳಿದ್ದು ಅಮೆರಿಕದ ಕ್ರೇ ಕಂಪನಿಯ ಸೂಪರ್ ಕಂಪ್ಯೂಟರ್ ಎಕ್ಸ್‌ಎಂಪಿ-24, ಸಿಕ್ಕಿದ್ದು ಅದಕ್ಕಿಂತ ಕಡಿಮೆ ಶಕ್ತಿಯ ಎಕ್ಸ್‌ಎಂಪಿ-14, ಅದೂ ಹವಾಮಾನ ಮುನ್ಸೂಚನೆಗೆ ಅಂತ, ಬೇರೆ ಕೆಲಸಕ್ಕೆ ಬಳಸಬಾರದು ಅನ್ನೋ ಷರತ್ತಿನ ಮೇಲೆ. 1980ರ ದಶಕದ ಕೊನೆಗೆ ಅದು ದೆಹಲಿಗೆ ಬಂತು.

1991ರ ಪರಮ್ 8000 ನಿಜಕ್ಕೂ ದೊಡ್ಡ ಸಾಧನೆ, ನನಗೂ ಹೆಮ್ಮೆ ಇದೆ. ಆದರೆ ಅದರೊಳಗೆ ಲೆಕ್ಕ ಮಾಡುವ ಟ್ರಾನ್ಸ್‌ಪ್ಯೂಟರ್ ಚಿಪ್‌ಗಳು ಬ್ರಿಟಿಷ್ ಕಂಪನಿಯವು. ನೂರಾರು ಸಣ್ಣ ಚಿಪ್‌ಗಳನ್ನು ಒಟ್ಟಿಗೆ ದುಡಿಸಿದ ಜಾಣ್ಮೆ ನಮ್ಮವರದ್ದು. ಅದು ಸಣ್ಣ ವಿಷಯ ಅಲ್ಲ ಅಲ್ವಾ?

ಹಂಚಿದವರದು ದೇಶದ ಮೇಲಿನ ಪ್ರೀತಿ, ತಪ್ಪು ಹುಡುಕಬೇಕಿಲ್ಲ. ಇಂಥ ಮೆಸೇಜ್ ಬಂದಾಗ ಮಾಡೆಲ್ ಹೆಸರು, ಇಸವಿ ಇದೆಯಾ ನೋಡಿ. ಇಲ್ಲದಿದ್ದರೆ ಆ ಕಾಲದ ಪತ್ರಿಕೆಗಳ ಹಳೇ ಸಂಚಿಕೆ ಆನ್‌ಲೈನ್‌ನಲ್ಲಿ ಹುಡುಕಿ, ಎರಡು ದೇಶಗಳ ಪತ್ರಿಕೆ ಓದಿದರೆ ಇನ್ನೂ ಒಳ್ಳೆಯದು. ಅಮೆರಿಕದ ರಫ್ತು ನಿಯಮಗಳೂ ಗುಟ್ಟಲ್ಲ, ಯಾರು ಬೇಕಾದರೂ ಓದಬಹುದು.